ಮಂಗಳವಾರ ಸುಟ್ಟಿದ್ದು

ಶಂಕರಮ್ಮನ ಮನೆ ಮುಂದೆ ಕಸದ ಗಾಡಿ ನಿಂತಾಗ ಸೊಸೆ ಸೌಮ್ಯ ಬರಲಿಲ್ಲ. ಶಂಕರಮ್ಮನೇ ಬಂದಳು. ಕೈಯಲ್ಲಿ ಬಕೆಟ್ ಇರಲಿಲ್ಲ.

"ಇಳಿಯೇ ಕೆಳಕ್ಕೆ," ಅಂದಳು.

ಯಶೋದ ಗಾಡಿಯ ಮೈಕಿನ ಹಾಡು ನಿಲ್ಲಿಸಿ ಇಳಿದಳು. ಸೀಗೆಪುರದಲ್ಲಿ ಪಂಚಾಯಿತಿಯ ಕಸದ ಗಾಡಿ ಓಡಿಸಲು ಶುರುಮಾಡಿ ಒಂದೂವರೆ ವರ್ಷವಾಗಿತ್ತು. ಗಾಡಿಯಿಂದ ಇಳಿ ಅಂತ ಇದುವರೆಗೆ ಯಾರೂ ಹೇಳಿರಲಿಲ್ಲ. ಈ ಬೀದಿಯವರು ಬಕೆಟ್ಟನ್ನು ಜಗಲಿಯ ಅಂಚಿಗೆ ಇಟ್ಟು ಹಿಂದೆ ಸರಿಯುತ್ತಿದ್ದರು. ಅವಳು ಸುರಿದುಕೊಂಡು ಖಾಲಿ ಬಕೆಟ್ಟನ್ನು ಅಲ್ಲೇ ಇಡುತ್ತಿದ್ದಳು.

"ನಮ್ಮ ಹೈದನ ಡೈಪರ್ ಸುಟ್ಟಿದ್ದೀಯಾ?"

"ಇಲ್ಲ ಅವ್ವಾರೆ."

"ಸುಳ್ಳು ಏಳ್ಬೇಡ. ನಿನ್ನೆಯಿಂದ ಮೈಯೆಲ್ಲಾ ಕೆಂಡ. ತಿಕದ ಮೇಲೆ ಬೊಬ್ಬೆ ಎದ್ದವೆ. ಸುಡದೇ ಇದ್ರೆ ಬೊಬ್ಬೆ ಏಳ್ತವಾ?"

ಯಶೋದ ಬಾಗಿಲಾಚೆ ಇಣುಕಿದಳು. ಮಗುವಿಗೆ ಹನ್ನೊಂದು ತಿಂಗಳು. ಮಹದೇವಪ್ರಸಾದ್ ಅಂತ ಹೆಸರು, ಕರೆಯುವುದು ಪಸಾದು. ಸೋಮವಾರ ಅವಳೇ ನೋಡಿದ್ದಳು. ಆಗ ಬರೀ ಕೆಂಪಗಿತ್ತು.

"ಜ್ವರ ಎಷ್ಟದೆ?"

"ನೀನ್ಯಾವ ಡಾಕ್ಟ್ರು?"

ಒಳಗಿನಿಂದ ಮಗುವಿನ ಸದ್ದು ಬಂತು. ಅಳು ಅಲ್ಲ, ನರಳಾಟ. ಎರಡು ಸಲ ನರಳಿ ನಿಲ್ಲುತ್ತಿತ್ತು, ಮತ್ತೆ ಎರಡು ಸಲ. ಯಶೋದಳಿಗೂ ಎರಡೂವರೆ ವರ್ಷದ ಮಗಳಿದ್ದಳು. ಅಳುವ ಮಗುವಿಗೆ ಹೆದರಬೇಕಾಗಿಲ್ಲ, ಅಳಲು ಶಕ್ತಿಯಿಲ್ಲದ ಮಗುವಿಗೆ ಹೆದರಬೇಕು ಅನ್ನುವುದು ಅವಳಿಗೆ ಗೊತ್ತಿತ್ತು.

*

ಸೀಗೆಪುರ ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿದೆ. ಭತ್ತದ ಗದ್ದೆ, ಹಿಪ್ಪುನೇರಳೆ, ನಡುವೆ ಒಂದು ಕಾಲುವೆ. ಆ ಕಾಲುವೆಯ ತೂಬು ಹೋದ ವರ್ಷ ಮೂರು ಸಲ ಕಟ್ಟಿಕೊಂಡಿತ್ತು. ಮೂರು ಸಲವೂ ಒಳಗಿಂದ ತೆಗೆದದ್ದು ಡೈಪರ್. ನೀರು ಕುಡಿದು ಕುಡಿದು ದಿಂಬಿನಷ್ಟು ಊದಿದ್ದವು. ಕೊನೇ ಗದ್ದೆಗಳಿಗೆ ನೀರು ಹೋಗದೆ ಪೈರು ಒಣಗಿದಾಗ, ಪಂಚಾಯಿತಿ ಮೆಂಬರ್ ರುದ್ರಸ್ವಾಮಿ ಒಂದು ಡೈಪರನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬೀದಿ ಬೀದಿ ತಿರುಗಿ, "ಇದು ಯಾರ ಮನೆ ಮಾರಾಜಂದು, ಬಂದು ತಕ್ಕೊಂಡೋಗಿ," ಅಂತ ಕೂಗಿದ್ದ. ಯಾರೂ ಬಂದಿರಲಿಲ್ಲ.

ಡೈಪರನ್ನು ಕಸದ ಗಾಡಿಗೆ ಯಾಕೆ ಕೊಡಲ್ಲ ಅಂತ ಯಶೋದ ಮನೆ ಮನೆಗೆ ಹೋಗಿ ಕೇಳಿದ್ದಳು. ಎಲ್ಲ ಮನೆಯಲ್ಲೂ ಒಂದೇ ಉತ್ತರ. ಗಾಡಿಗೆ ಕೊಟ್ಟರೆ ಕಸ ವಿಂಗಡಿಸುವ ಶೆಡ್ಡಿನಲ್ಲಿ ಸುಡುತ್ತಾರೆ. ಮಗುವಿನ ಹೇಲು ಉಚ್ಚೆ ಬೆಂಕಿಗೆ ಬಿದ್ದರೆ ಮಗುವಿಗೆ ಉರಿ ಏಳುತ್ತದೆ. ಬಿ.ಎಸ್ಸಿ ಮಾಡಿದವಳೂ ಅದನ್ನೇ ಹೇಳಿದಳು, ಹೆಬ್ಬೆಟ್ಟಿನ ಅಜ್ಜಿಯೂ ಅದನ್ನೇ ಹೇಳಿದಳು. ನೀರಿಗೆ ಬಿಟ್ಟರೆ ತಂಪು. ಅದಕ್ಕೇ ಕಾಲುವೆ.

ಅದು ಮೂಢನಂಬಿಕೆ ಅಂತ ಯಶೋದ ಒಂದು ವಾರ ವಾದ ಮಾಡಿದಳು. ಒಂದು ಪೊಟ್ಟಣವೂ ಬರಲಿಲ್ಲ. ಎಂಟನೇ ದಿನ ವಾದ ಬಿಟ್ಟಳು. "ಸುಡಲ್ಲ ಕಣ್ರವ್ವ. ಗುಂಡಿ ತೋಡಿ ಹೂಳ್ತೀನಿ. ಮಾದಪ್ಪನ ಆಣೆ," ಅಂದಳು. ಮಾರನೇ ದಿನ ಪೇಪರಿನಲ್ಲಿ ಸುತ್ತಿದ ನಾಲ್ಕು ಪೊಟ್ಟಣ ಬಂದವು. ಮಾದಪ್ಪನ ಬೆಟ್ಟ ಇರುವ ಜಿಲ್ಲೆಯಲ್ಲಿ ಆ ಆಣೆಗಿಂತ ದೊಡ್ಡ ಕಾಗದ ಇಲ್ಲ.

ಹೂತರೂ ಅದು ಮಣ್ಣಾಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಕಾಲುವೆಗಿಂತ ಮೇಲು, ಅಷ್ಟೇ. ಜೊತೆಗೆ ಹೇಳುತ್ತಾ ಬಂದಳು. ಹಗಲು ಬಟ್ಟೆ ಕಟ್ಟಿ, ಹಳೇ ಪಂಚೆ ಹರಿದರೆ ಸಾಕು, ಮಗುವಿಗೂ ಹಿತ, ಗುಂಡಿಯೂ ತುಂಬಲ್ಲ. ತನ್ನ ಮಗಳು ನಾಗಶ್ರೀಗೆ ಹಾಗೆ ಕಟ್ಟುತ್ತಿದ್ದ ಬಟ್ಟೆಗಳನ್ನು ಒಗೆದು ಒಣಗಿಸಿ ಶಂಕರಮ್ಮನ ಮನೆಗೆ ಒಯ್ದಿದ್ದಳು. ಶಂಕರಮ್ಮ ಬಾಗಿಲಲ್ಲೇ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ್ದಳು. "ನಿಮ್ಮ ಬೀದಿ ಬಟ್ಟೆ ನಮ್ಮ ಮೊಗೀಗಾ? ಚೆನ್ನಾಗದೆ."

ಆದರೂ ಪೊಟ್ಟಣ ಬರುತ್ತಿದ್ದವು. ನಾಲ್ಕು ತಿಂಗಳಿಂದ ತೂಬು ಒಂದು ಸಲವೂ ಕಟ್ಟಿರಲಿಲ್ಲ. ಅಷ್ಟೂ ನಿಂತಿದ್ದು ಅವಳ ಒಂದು ಮಾತಿನ ಮೇಲೆ. ಸುಡಲ್ಲ.

ಅವಳು ಸುಟ್ಟೂ ಇರಲಿಲ್ಲ.

*

ಸೌಮ್ಯ ಮಗುವನ್ನು ಎತ್ತಿಕೊಂಡು ನಡುಮನೆಗೆ ಬಂದಳು. ಹೊಸ್ತಿಲ ಈಚೆಗೆ ಯಶೋದ, ಆಚೆಗೆ ಅವಳು. ಮಗುವಿನ ತಲೆ ಹೆಗಲ ಮೇಲೆ ಒರಗಿತ್ತು. ತುಟಿ ಒಣಗಿತ್ತು. ತೊಡೆಯವರೆಗೆ ಅರಿಶಿನ ಮತ್ತು ಹರಳೆಣ್ಣೆ ಬಳಿದಿದ್ದರು. ಅರಿಶಿನದ ಕೆಳಗೆ ಬೊಬ್ಬೆ ಒಡೆದು ಕೀವು ಇಳಿಯುತ್ತಿತ್ತು.

"ಹಾಲು ಕುಡೀತಾ?" ಯಶೋದ ಕೇಳಿದಳು.

"ಬೆಳಿಗ್ಗೆಯಿಂದ ಇಲ್ಲ."

"ಉಚ್ಚೆ?"

ಸೌಮ್ಯ ತಲೆ ಅಲ್ಲಾಡಿಸಿದಳು.

"ಅವ್ವಾರೆ, ಈಗಲೇ ಕೊಳ್ಳೇಗಾಲಕ್ಕೆ ಕರ್ಕೊಂಡೋಗ್ಬೇಕು. ಇದು ಮನೇಲಿ ಇಟ್ಕೊಳೋ ಜ್ವರ ಅಲ್ಲ."

"ಉರಿ ಕೂತಿರೋ ಮೊಗೀನ ಹೊಸ್ತಿಲು ದಾಟಿಸಬಾರದು," ಶಂಕರಮ್ಮ ಹೇಳಿದಳು. ದನಿ ಈಗ ತಗ್ಗಿತ್ತು. "ಮೊದಲು ಬೂದಿ ತಣೀಬೇಕು. ಸುಟ್ಟೋರು ಅವರ ಕೈಯಾರೆ ಬೂದಿಗೆ ಆಲು ಉಯ್ಯಬೇಕು. ಆಮೇಲೆ ಎಲ್ಲಿಗಾದ್ರೂ ಓಗಿ."

"ಯಾರೋ ಹೇಳೋದನ್ನೆಲ್ಲಾ ನಂಬ್ಕೊಂಡು..." ಯಶೋದ ಶುರುಮಾಡಿದಳು.

"ಯಾರೋ ಏಳಿದ್ದಲ್ಲ ಕಣೇ. ನನ್ನ ಎರಡನೇ ಹೈದನಿಗೆ ಇಂಗೇ ಆಗಿತ್ತು. ನಮ್ಮತ್ತೆ ಬೇಡ ಬೇಡ ಅಂದ್ರೂ ಕೇಳ್ದೆ ಎತ್ತಿನ ಗಾಡೀಲಿ ಎತ್ಕೊಂಡು ಓದ್ವಿ. ಊರ ಬಾಗಿಲು ದಾಟ್ಲಿಲ್ಲ, ಇಲ್ಲೇ ತೊಡೆ ಮೇಲೇ ಓಯ್ತು." ಅವಳು ತನ್ನ ತೊಡೆಯನ್ನು ಒಂದು ಸಲ ತಟ್ಟಿದಳು. "ನಾನು ನೋಡಿದ್ದೀನಿ. ನೀನು ನೋಡಿಲ್ಲ."

ಆ ಮಗು ತಡವಾಗಿ ಹೊರಟಿದ್ದಕ್ಕೆ ಸತ್ತಿರಬೇಕು. ಅದನ್ನು ಹೆತ್ತವಳ ಮುಂದೆ ನಿಂತು ಹೇಳುವುದು ಹೇಗೆ?

"ಮಾದೇಶಣ್ಣಂಗೆ ಫೋನ್ ಮಾಡಿದ್ರಾ?"

"ಮಾಡ್ದೆ," ಸೌಮ್ಯ ಹೇಳಿದಳು. ಗಂಡ ಮಾದೇಶನಿಗೆ ಹನೂರಿನಲ್ಲಿ ಕೆಲಸ. "ಅವ್ವ ಏಳ್ದಂಗೆ ಮಾಡು ಅಂದ್ರು."

"ಅಂಗಾದ್ರೆ ನೂರೆಂಟಕ್ಕೆ ಮಾಡ್ತೀನಿ."

"ಮಾಡು," ಶಂಕರಮ್ಮ ಬಾಗಿಲಿಗೆ ಅಡ್ಡ ಕೂತಳು. ಒಂದು ಕೈ ಆ ಕಡೆ ಚೌಕಟ್ಟಿಗೆ, ಇನ್ನೊಂದು ಈ ಕಡೆಗೆ. "ಏರೋಪ್ಲೇನೇ ಬರ್ಲಿ. ನನ್ನ ತುಳ್ಕೊಂಡು ಓಗ್ಬೇಕು."

ಮಗು ಮತ್ತೆ ಎರಡು ಸಲ ನರಳಿತು. ಮೂರನೇ ನರಳಾಟಕ್ಕೆ ಯಶೋದ ಕಾದಳು. ಬರಲಿಲ್ಲ. ಹೊಟ್ಟೆ ಮಾತ್ರ ಬೇಗ ಬೇಗ ಏರಿ ಇಳಿಯುತ್ತಿತ್ತು.

ಸುಡಲ್ಲ ಅನ್ನುವ ಮಾತು ಹೋದರೆ ಪೊಟ್ಟಣಗಳು ಹೋಗುತ್ತವೆ. ತೂಬು ಹೋಗುತ್ತದೆ. ಮಾದಪ್ಪನ ಆಣೆ ಇಟ್ಟು ಸುಟ್ಟವಳು ಅಂತ ಹೆಸರು ಬರುತ್ತದೆ. ಕೆಲಸವೂ ಹೋಗಬಹುದು. ಇಷ್ಟನ್ನೂ ಅವಳು ಯೋಚಿಸಿದಳು. ಯೋಚಿಸಲು ಎರಡು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

"ಸುಟ್ಟೆ," ಅಂದಳು.

ಶಂಕರಮ್ಮ ತಲೆ ಎತ್ತಿದಳು.

"ಮಂಗಳವಾರ. ಗುಂಡಿ ತುಂಬಿತ್ತು. ಹೊಸ ಗುಂಡಿ ತೋಡೋಕೆ ಸೋಮಾರಿತನ. ಒಂದು ಚೀಲ ಸುಟ್ಬುಟ್ಟೆ. ನಿಮ್ಮನೇದೂ ಇತ್ತು ಅದ್ರಲ್ಲಿ."

ಮಂಗಳವಾರ ಅಂದದ್ದಕ್ಕೆ ಕಾರಣ ಇತ್ತು. ಅವತ್ತು ಶಂಕರಮ್ಮ ಊರಲ್ಲಿರಲಿಲ್ಲ. ಅಮಾವಾಸ್ಯೆ ಪೂಜೆಗೆ ಅಂತ ಸೋಮವಾರ ಬೆಳಿಗ್ಗೆ ಬೆಟ್ಟಕ್ಕೆ ಹೋದವಳು ಬುಧವಾರ ಸಂಜೆ ಬಂದಿದ್ದಳು.

ಆ ಎರಡು ದಿನ ಪಸಾದು ಡೈಪರನ್ನೇ ಹಾಕಿರಲಿಲ್ಲ. ಸೋಮವಾರ ಮಗುವಿನ ತೊಡೆ ಸಂದು ಕೆಂಪಗಿದ್ದದ್ದನ್ನು ನೋಡಿ ಯಶೋದ ನಾಗಶ್ರೀಯ ಆ ಹಳೇ ಬಟ್ಟೆಗಳನ್ನೇ ತಂದು ಸೌಮ್ಯಳಿಗೆ ಕೊಟ್ಟಿದ್ದಳು. ಹೇಗೆ ಮಡಿಸಿ ಕಟ್ಟಬೇಕು ಅಂತಲೂ ತೋರಿಸಿದ್ದಳು. ಅತ್ತೆ ಬರುವ ಹೊತ್ತಿಗೆ ಸೌಮ್ಯ ಬಟ್ಟೆಗಳನ್ನು ಸೌದೆ ಮನೆಯಲ್ಲಿ ಬಚ್ಚಿಟ್ಟು ಮತ್ತೆ ಡೈಪರ್ ಹಾಕಿದಳು. ಬುಧವಾರ ರಾತ್ರಿ ಹಾಕಿದ್ದನ್ನು ಗುರುವಾರ ಮಧ್ಯಾಹ್ನದವರೆಗೆ ಬಿಚ್ಚಲಿಲ್ಲ. ಮನೆ ತುಂಬಾ ಪ್ರಸಾದಕ್ಕೆ ಬಂದ ನೆಂಟರು. ಮಗು ನಡುಮನೆಯಲ್ಲಿ ಒದ್ದೆ ಮಾಡಿದರೆ ಶಂಕರಮ್ಮನಿಗೆ ಆಗುತ್ತಿರಲಿಲ್ಲ.

ಮಂಗಳವಾರ ಈ ಮನೆಯಿಂದ ಪೊಟ್ಟಣವೇ ಹೋಗಿರಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ.

ಸೌಮ್ಯ ಯಶೋದಳನ್ನು ನೋಡಿದಳು. ಹುಬ್ಬು ಗಂಟಿಕ್ಕಿತು, ಆಮೇಲೆ ಬಿಟ್ಟುಕೊಂಡಿತು.

"ಹೌದತ್ತೆ," ಅಂದಳು. "ಮಂಗಳವಾರ ಎರಡು ಕೊಟ್ಟಿದ್ದೆ."

"ಥೂ ನಿನ್ನ ಬಾಯಿಗೆ ಮಣ್ಣಾಕ," ಶಂಕರಮ್ಮ ಎದ್ದಳು. "ನಿನ್ನ ಕೈ ಸೇದೋಗ. ಮಾದಪ್ಪನ ಆಣೆ ಇಟ್ಟಿದ್ದೆಯಲ್ಲೇ. ನಿಂಗೂ ಮಗಳಿದ್ದಾಳಲ್ಲೇ."

"ಬಯ್ರಿ. ಗಾಡೀಲಿ ಕೂತ್ಕೊಂಡು ಬಯ್ರಿ. ಬೂದಿ ಶೆಡ್ಡಿನ ಹತ್ರ ಅದೆ, ಶೆಡ್ಡು ಕೊಳ್ಳೇಗಾಲದ ದಾರೀಲದೆ. ನಿಮ್ಮ ಮುಂದೇನೇ ಹಾಲು ಉಯ್ತೀನಿ. ಉಯ್ದ ಕೂಡಲೇ ಅಲ್ಲಿಂದ ಹಂಗೇ ಆಸ್ಪತ್ರೆಗೆ."

"ಕಸದ ಗಾಡೀಲಿ ನನ್ನ ಮೊಮ್ಮಗನ್ನ..."

"ಅತ್ತೆ!" ಸೌಮ್ಯ ಕಿರುಚಿದಳು. ಮದುವೆಯಾಗಿ ಮೂರು ವರ್ಷದಲ್ಲಿ ಅವಳು ಆ ಮನೆಯಲ್ಲಿ ಕಿರುಚಿದ್ದು ಅದೇ ಮೊದಲು.

ಶಂಕರಮ್ಮ ಒಳಗೆ ಹೋಗಿ ಒಂದು ಚೊಂಬು ಹಸಿ ಹಾಲು ತಂದಳು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಾಲು ಚೆಲ್ಲದಂತೆ, ಹೊಸ್ತಿಲು ದಾಟಿದಳು. ಹಿಂದೆ ಸೌಮ್ಯ, ಮಗು.

*

ಗಾಡಿಯ ಮುಂದೆ ಇಬ್ಬರು ಕೂರುವ ಜಾಗ. ಮೂವರು ಕೂತರು. ಶಂಕರಮ್ಮ ಬಾಗಿಲಿಗೆ ಒತ್ತಿಕೊಂಡು, ಯಶೋದಳ ಮೈ ತಾಗದಂತೆ ನಡುವೆ ಸೊಸೆಯನ್ನು ಕೂರಿಸಿದಳು. ಗೇರ್ ಹಾಕುವಾಗಲೆಲ್ಲ ಯಶೋದಳ ಕೈ ಸೌಮ್ಯಳ ಮೊಣಕಾಲಿಗೆ ತಗುಲುತ್ತಿತ್ತು. ಮಗುವಿನ ಮೈಯ ಬಿಸಿ ಪಕ್ಕಕ್ಕೇ ಬರುತ್ತಿತ್ತು. ಕಾಲುವೆ ದಾಟುವಾಗ ಯಶೋದ ಅಭ್ಯಾಸಬಲದಿಂದ ತೂಬಿನ ಕಡೆ ನೋಡಿದಳು. ನೀರು ಸಲೀಸಾಗಿ ಹರಿಯುತ್ತಿತ್ತು.

ಬೂದಿ ಎಲ್ಲಿಂದ ತರುವುದು ಅಂತ ಅವಳು ಹೊರಡುವಾಗ ಯೋಚಿಸಿರಲಿಲ್ಲ. ದಾರಿಯಲ್ಲಿ ಯೋಚಿಸಿದಳು. ಶೆಡ್ಡಿನ ಹಿಂದೆ ಮೂರು ಕಲ್ಲಿನ ಒಂದು ಒಲೆ ಇತ್ತು. ಜೊತೆ ಕೆಲಸದ ದೊಡ್ಡಬಸಮ್ಮ ಅಲ್ಲಿ ದಿನಾ ಟೀ ಕಾಸುತ್ತಿದ್ದಳು. ಬೂದಿ ಅಂತ ಇದ್ದದ್ದು ಅಲ್ಲಿ ಮಾತ್ರ. ಆದರೆ ದೊಡ್ಡಬಸಮ್ಮನಿಗೆ ಏನೂ ಗೊತ್ತಿಲ್ಲ. ಅವಳ ಬಾಯಿಗೆ ಬೀಗವೂ ಇಲ್ಲ.

ಶೆಡ್ಡಿನ ಮುಂದೆ ದೊಡ್ಡಬಸಮ್ಮ ಹಾಲಿನ ಕವರ್ ಒಂದು ಕಡೆ, ಬಾಟಲಿ ಒಂದು ಕಡೆ ಗುಡ್ಡೆ ಹಾಕುತ್ತಿದ್ದಳು. ಪಕ್ಕದಲ್ಲಿ ನಾಗಶ್ರೀ ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಅವತ್ತು ಅಂಗನವಾಡಿ ಟೀಚರ್ ಮೀಟಿಂಗಿಗೆ ಹೋಗಿದ್ದರು. ಅದಕ್ಕೆ ಮಗು ಶೆಡ್ಡಿನಲ್ಲಿತ್ತು. ಇಲ್ಲದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

"ಬಸಮ್ಮಕ್ಕ," ಯಶೋದ ಗಾಡಿ ನಿಲ್ಲಿಸುವ ಮೊದಲೇ ಕೂಗಿದಳು. "ಮಂಗಳವಾರ ನಾನು ಡೈಪರ್ ಸುಟ್ಟೆನಲ್ಲ, ಆ ಬೂದಿಗೆ ಹಾಲು ಉಯ್ಯೋಕೆ ಬಂದಿದ್ದೀವಿ. ಪಸಾದೂಗೆ ಉರಿ ಎದ್ದದೆ."

ದೊಡ್ಡಬಸಮ್ಮ ಬಾಯಿ ತೆರೆದಳು. ಯಶೋದಳ ಮುಖ ನೋಡಿದಳು. ಗಾಡಿಯೊಳಗಿನ ಮಗುವನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು.

ಯಶೋದ ನೇರ ಹಿಂದಕ್ಕೆ ನಡೆದಳು. ಶಂಕರಮ್ಮ ಚೊಂಬು ಹಿಡಿದು ಹಿಂದೆಯೇ ಬಂದಳು. ಒಲೆಯ ಮುಂದೆ ನಿಂತು ಬಗ್ಗಿ ನೋಡಿದಳು.

"ಇದು ಒಲೆ ಬೂದಿ ಅಲ್ವಾ?"

"ಹೂಂ. ಒಲೇಲೇ ಸುಟ್ಟಿದ್ದು."

"ಇದರ ಮೇಲೆ ಟೀ ಪಾತ್ರೆ ಮಸಿ ಅದೆ. ನನ್ನೇ ಯಾಮಾರಿಸ್ತೀಯಾ?"

ದೊಡ್ಡಬಸಮ್ಮ ಬಂದು ನಿಂತಿದ್ದಳು. ಒಲೆಯನ್ನು ನೋಡಿದಳು, ಎರಡೂ ಕೈಯಲ್ಲಿ ತಲೆ ಚಚ್ಚಿಕೊಂಡಳು.

"ಅಯ್ಯೋ ಇವಳ ಮನೆ ಹಾಳಾಗ! ಇದ್ರಲ್ಲೇನೇ ಸುಟ್ಟಿದ್ದು? ಒಂದು ಮಾತು ಏಳ್ಬಾರ್ದಾಗಿತ್ತಾ? ಮೂರು ದಿನದಿಂದ ಅದರ ಮೇಲೇ ಟೀ ಕಾಸ್ಕೊಂಡು ಕುಡೀತಾ ಇವ್ನಿ ಕಣ್ರವ್ವ. ಅದೇನೋ ವಾಸನೆ, ಟೀ ಪುಡಿ ಹಳೇದು ಅನ್ಕೊಂಡೆ. ಥೂ! ಥೂ!" ಅವಳು ಮೂರು ಸಲ ಉಗಿದಳು. ಕೊನೆಯದು ನಿಜಕ್ಕೂ ಹೇಸಿಗೆಯಿಂದ ಉಗಿದಂತಿತ್ತು.

ಶಂಕರಮ್ಮ ಅರ್ಧ ನಂಬಿದಳು. ಇನ್ನರ್ಧಕ್ಕೆ ಯಶೋದಳ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

"ನೀನು ಓದಿರೋಳು. ಆಸ್ಪತ್ರೆಗೆ ಎತ್ತಾಕೊಂಡು ಓಗೋಕೆ ಏನು ಬೇಕಾದ್ರೂ ಏಳ್ತೀಯ. ಸುಟ್ಟಿರೋದು ಒಂದು ಕಡೆ, ನೀನು ಆಲು ಉಯ್ಯೋದು ಒಂದು ಕಡೆ ಆದ್ರೆ ನನ್ನ ಮೊಗ ಉಳಿಯಲ್ಲ. ಮಾದಪ್ಪನ ಆಣೆ ನಿಂಗೆ ಲೆಕ್ಕಕ್ಕಿಲ್ಲ, ನೋಡಿದ್ನಲ್ಲ. ನಿನ್ನ ಮಗಳನ್ನ ಕರಿ. ಅವಳ ತಲೆ ಮುಟ್ಟಿ ಏಳು, ಇದೇ ಬೂದಿ ಅಂತ."

ಶೆಡ್ಡಿನ ಮುಂದೆ ಗಾಡಿಯ ಎಂಜಿನ್ ಓಡುತ್ತಲೇ ಇತ್ತು. ಯಶೋದ ಆರಿಸಿರಲಿಲ್ಲ.

"ಅವ್ವಾರೆ, ಟೈಮಿಲ್ಲ."

"ಮುಟ್ಟು."

ದೊಡ್ಡಬಸಮ್ಮ, "ಕೂಸಿನ ತಲೆ ಯಾಕೆ ಬುಡಿ, ಬೇಕಾದ್ರೆ ನನ್ನ ತಲೆ..." ಅಂದಳು.

"ನಿನ್ನ ತಲೆ ಯಾರಿಗೆ ಬೇಕು?"

ನಾಗಶ್ರೀ ಒಂದು ನೀಲಿ ಮುಚ್ಚಳ ಹಿಡಿದುಕೊಂಡು ತಾನಾಗಿಯೇ ಬಂದು ತಾಯಿಯ ಕಾಲಿಗೆ ಒರಗಿ ನಿಂತಿತು. "ಅಮ್ಮ, ನೋಡು, ಕಾರು," ಅಂದಿತು.

ಯಶೋದ ಮಕ್ಕಳ ಹೇಲು ಸುಟ್ಟರೆ ಉರಿ ಏಳುತ್ತದೆ ಅನ್ನುವುದನ್ನು ನಂಬುತ್ತಿರಲಿಲ್ಲ. ಬೂದಿ ತಣಿಯುತ್ತದೆ ಅನ್ನುವುದನ್ನೂ ನಂಬುತ್ತಿರಲಿಲ್ಲ. ತಲೆ ಮುಟ್ಟಿ ಸುಳ್ಳು ಹೇಳಿದರೆ ಆ ತಲೆಗೆ ಏನೂ ಆಗುವುದಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದಳು. ಕೈ ಮಾತ್ರ ಏಳಲಿಲ್ಲ. ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು, ಬೇರೆ ಯಾರದೋ ಕೈ ಥರ.

ಮುಂದೆ ಗಾಡಿಯಿಂದ ಸೌಮ್ಯ ಕೂಗಿದಳು. "ಯಶೋದಕ್ಕ! ಇವನು ಕಣ್ಣು ಮೇಲಕ್ಕೆ ಮಾಡ್ತಾವ್ನೆ!"

ಯಶೋದ ಮಗಳ ತಲೆ ಮೇಲೆ ಕೈ ಇಟ್ಟಳು. ಕೂದಲು ಬಿಸಿಲಿಗೆ ಬೆಚ್ಚಗಿತ್ತು.

"ಇದೇ ಬೂದಿ. ನಾನೇ ಸುಟ್ಟೆ. ಮಂಗಳವಾರ."

ಚೊಂಬು ಕಸಿದುಕೊಂಡು ಒಲೆಗೆ ಸುರಿದಳು. ಬೂದಿ ಒಂದು ಕ್ಷಣ ಉಬ್ಬಿ ಕುಸಿಯಿತು. ಅಡಿಯಲ್ಲಿ ಬೆಳಗಿನ ಟೀಯ ಕೆಂಡ ಇನ್ನೂ ಇತ್ತು. ಚುಯ್ ಅಂತ ಹೊಗೆ ಎದ್ದು ಸುಟ್ಟ ಹಾಲಿನ ವಾಸನೆ ಬಂತು. ಶಂಕರಮ್ಮ ಆ ಸದ್ದಿಗೆ ಕೈಮುಗಿದಳು. "ತಣೀತು," ಅಂದಳು. ಎರಡು ದಿನದಲ್ಲಿ ಮೊದಲ ಸಲ ಅವಳ ಮುಖ ಸಡಿಲವಾಯಿತು. "ತಣೀತು. ನಡಿ, ನಡಿ, ಯಾಕೆ ನಿಂತಿದ್ದೀಯ?"

*

ಕೊಳ್ಳೇಗಾಲಕ್ಕೆ ಹನ್ನೊಂದು ಕಿಲೋಮೀಟರ್. ಕಸದ ಗಾಡಿ ಪಂಚಾಯಿತಿ ಗಡಿ ದಾಟಬಾರದು. ದಾಟಿದರೆ ಜಿಪಿಎಸ್ಸಿನಲ್ಲಿ ಗೊತ್ತಾಗುತ್ತದೆ. ಯಶೋದ ದಾಟಿದಳು. ಮೈಕಿನ ಸ್ವಿಚ್ ಎಲ್ಲಿಯೋ ತಗುಲಿ, ಹಸಿ ಕಸ ಒಣ ಕಸ ಬೇರೆ ಮಾಡಿ ಅನ್ನುವ ಹಾಡು ತಾನೇ ಶುರುವಾಯಿತು. ಅದನ್ನು ಆರಿಸಲು ಕೈ ಬಿಡುವಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬಳು ಅಂಗಡಿಯಿಂದ ಕಸದ ಡಬ್ಬ ಹಿಡಿದು ಓಡಿಬಂದಳು. ಗಾಡಿ ನಿಲ್ಲದೆ ಹೋದದ್ದಕ್ಕೆ ಬೈದಳು.

ಮಧ್ಯದಲ್ಲಿ ಒಮ್ಮೆ ಮಗುವಿನ ಕೈಕಾಲು ಸೆಟೆದುಕೊಂಡವು. ಶಂಕರಮ್ಮ ಅದನ್ನು ಸೊಸೆಯ ಕೈಯಿಂದ ಎಳೆದುಕೊಂಡು ತೊಡೆ ಮೇಲೆ ಹಾಕಿಕೊಂಡಳು. ಇಲ್ಲೇ ತೊಡೆ ಮೇಲೇ ಓಯ್ತು ಅಂದಿದ್ದ ಅದೇ ತೊಡೆ. "ತಣಿದದೆ ಕಣೋ, ತಣಿದದೆ ನನ್ನಪ್ಪ," ಅನ್ನುತ್ತಾ ಆಸ್ಪತ್ರೆಯ ಗೇಟಿನವರೆಗೂ ಬೆನ್ನು ಸವರಿದಳು.

ದೊಡ್ಡಾಸ್ಪತ್ರೆಯ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಮಗುವನ್ನು ಒಳಗೆ ಒಯ್ದು ಅರ್ಧ ಗಂಟೆ ಬಿಟ್ಟು ಬಂದಳು. ಚರ್ಮದ ಸೋಂಕು ಒಳಕ್ಕೆ ಇಳಿದಿದೆ, ಡ್ರಿಪ್ ಹಾಕಿದ್ದೇವೆ, ಸಂಜೆಯವರೆಗೆ ಕಾದಿದ್ದರೆ ಉಳಿಯುತ್ತಿತ್ತು ಅಂತ ಹೇಳಲಾಗುತ್ತಿರಲಿಲ್ಲ ಅಂದಳು. ಒಂದು ಡೈಪರ್ ಎಷ್ಟು ಹೊತ್ತು ಹಾಕುತ್ತೀರಿ ಅಂತ ಕೇಳಿದಳು. ಸೌಮ್ಯ ನೆಲ ನೋಡಿದಳು.

"ಡೈಪರಿಂದಲ್ಲ ಡಾಕ್ಟ್ರವ್ವ," ಶಂಕರಮ್ಮ ಹೇಳಿದಳು. "ಅದು ಬೇರೆ ಕಾರಣ. ಅದನ್ನ ಸರಿ ಮಾಡ್ಕೊಂಡೇ ಬಂದ್ವಿ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಹೊರಗೆ ಕಸದ ಗಾಡಿ ಯಾರದು, ದಾರಿಗೆ ಅಡ್ಡ ಇದೆ, ತೆಗೆಸಿ ಅಂದಳು.

*

ಶನಿವಾರ ಊರಲ್ಲಿ ಒಂದೂ ಪೊಟ್ಟಣ ಬರಲಿಲ್ಲ. ಭಾನುವಾರ ತೂಬಿನ ಜಾಲರಿಗೆ ಐದು ಡೈಪರ್ ಸಿಕ್ಕಿಕೊಂಡಿದ್ದವು. ಯಶೋದ ಮೊಣಕಾಲವರೆಗೆ ನೀರಿಗಿಳಿದು ದೋಟಿಯಿಂದ ಎಳೆದು ಹಾಕಿದಳು. ಏರಿಯ ಮೇಲೆ ನಿಂತಿದ್ದ ಹೆಂಗಸೊಬ್ಬಳು, "ಇವನ್ನೂ ಸುಡ್ತೀಯಾ?" ಅಂತ ಕೇಳಿದಳು.

ಸೋಮವಾರ ಪಂಚಾಯಿತಿಯಲ್ಲಿ ಕರೆದರು. ಪಿಡಿಓ ಸಾಹೇಬರು ಗಾಡಿ ಯಾಕೆ ಕೊಳ್ಳೇಗಾಲದಲ್ಲಿ ಎರಡು ಗಂಟೆ ನಿಂತಿತ್ತು ಅಂತ ಬರೆದುಕೊಡಲು ಹೇಳಿದರು. ರುದ್ರಸ್ವಾಮಿ ಮೇಜಿನ ಆ ಕಡೆ ಕೂತಿದ್ದ. ಕೊನೇ ಗದ್ದೆ ಅವನದೇ.

"ನಿನ್ನ ಮಾತು ನಂಬ್ಕೊಂಡು ನಾನು ಮನೆಮನೆಗೆ ಜಾಮೀನು ನಿಂತಿದ್ದೆ," ಅಂದ. "ಏನಮ್ಮ, ಸುಟ್ಟಿದ್ದು ನಿಜವಾ?"

ಬಾಗಿಲ ಹತ್ತಿರ ಆರೇಳು ಹೆಂಗಸರು ನಿಂತಿದ್ದರು. ಎಲ್ಲರ ಸೊಂಟದ ಮೇಲೂ ಮಗು. ಇಲ್ಲ ಅನ್ನಬಹುದಿತ್ತು. ಅಂದರೆ ಸಂಜೆಯೊಳಗೆ ಅದು ಆಸ್ಪತ್ರೆಯಲ್ಲಿರುವ ಶಂಕರಮ್ಮನ ಕಿವಿಗೆ ಬೀಳುತ್ತಿತ್ತು. ಪಸಾದು ಇನ್ನೂ ಡ್ರಿಪ್ಪಿನಲ್ಲಿದ್ದ. ಬೂದಿ ತಣಿದಿಲ್ಲ ಅಂತ ಗೊತ್ತಾದರೆ ಅವಳು ಸೂಜಿ ಕಿತ್ತು ಮಗುವನ್ನು ಮನೆಗೆ ತರುತ್ತಿದ್ದಳು. ಅದರಲ್ಲಿ ಯಶೋದಳಿಗೆ ಅನುಮಾನವೇ ಇರಲಿಲ್ಲ.

"ನಿಜ ಸಾ."

"ನಾಚಿಕೆ ಆಗಲ್ವಾ?"

"ಆಯ್ತದೆ ಸಾ."

ಕೆಲಸದಿಂದ ತೆಗೆಯಬೇಕು ಅಂತ ಇಬ್ಬರು ಮೆಂಬರುಗಳು ಹೇಳಿದರು. ತೆಗೆಯಲಿಲ್ಲ. ಗಾಡಿ ಓಡಿಸುವ ಲೈಸೆನ್ಸ್ ಇರುವ ಇನ್ನೊಬ್ಬ ಹೆಂಗಸು ಕಸದ ಕೆಲಸ ನಡೆಸುವ ಮಹಿಳಾ ಸಂಘದಲ್ಲಿರಲಿಲ್ಲ. ಎಚ್ಚರಿಕೆ ಕಾಗದ ಕೊಟ್ಟು ಕಳಿಸಿದರು. ಮತ್ತೆ ಆಣೆ ಇಡಬೇಡ ಅಂತಲೂ ಹೇಳಿದರು.

ಗುರುವಾರ ಪಸಾದು ಮನೆಗೆ ಬಂದ. ಶುಕ್ರವಾರ ಗಾಡಿ ಅವರ ಮನೆ ಮುಂದೆ ನಿಂತಾಗ ಯಶೋದ ಮೊದಲು ನೋಡಿದ್ದು ತಾರಸಿಯ ಹಗ್ಗ. ಅದರ ತುಂಬಾ ಚೌಕ ಚೌಕ ಬಿಳಿ ಬಟ್ಟೆ. ತಾನು ಕೊಟ್ಟವಲ್ಲ. ಶಂಕರಮ್ಮನ ಮೆತ್ತನೆಯ ಹಳೇ ಹತ್ತಿ ಸೀರೆ, ಅಂಚು ತೆಗೆದು ಹರಿದಿದ್ದರು.

ಸೌಮ್ಯ ಬಕೆಟ್ ತಂದಳು. ಜಗಲಿಯ ಅಂಚಿಗೆ ಇಡದೆ ಕೈಗೇ ಕೊಟ್ಟಳು.

"ಡಾಕ್ಟರ್ ಹೇಳಿದ್ರಾ ಬಟ್ಟೆ ಕಟ್ಟಿ ಅಂತ?" ಯಶೋದ ಮೆಲ್ಲಗೆ ಕೇಳಿದಳು.

"ಡಾಕ್ಟರ್ ಮಾತು ಯಾರು ಕೇಳ್ತಾರೆ. ಬಟ್ಟೆ ಆದ್ರೆ ನಮ್ಮನೇಲೇ ಇರ್ತದೆ, ನಿನ್ನ ಕೈಗೆ ಸಿಕ್ಕಲ್ಲ, ನೀನು ಸುಡೋಕಾಗಲ್ಲ ಅಂತಾರೆ ಅತ್ತೆ. ಅದಕ್ಕೆ." ಸೌಮ್ಯ ನಗಲು ಹೋಗಿ ನಿಲ್ಲಿಸಿದಳು. "ಪಕ್ಕದ ಮನೆಯೋರೂ ಹಂಗೇ ಮಾಡವ್ರೆ. ನಿನ್ನ ಹೆದರಿಕೆಗೆ. ಒಗೆಯೋಕೆ ನೀರಿಲ್ಲ ಅಂತ ಬಯ್ತಾ ಬಯ್ತಾ ಒಗೀತಾರೆ."

"ಇನ್ನುಳಿದೋರು?"

"ಕಾಲುವೆ."

ಯಶೋದ ಬಕೆಟ್ ಸುರಿದುಕೊಂಡಳು. ಸುತ್ತ ಯಾರೂ ಇರಲಿಲ್ಲ.

"ಸೌಮ್ಯ, ಮಗು ಈಗ ಹುಷಾರಾಯ್ತಲ್ಲ. ಒಂದು ಮಾತು ಹೇಳ್ಬುಡು. ಮಂಗಳವಾರ ನಾನು ಪೊಟ್ಟಣ ಕೊಡಲಿಲ್ಲ, ಅವಳು ಸುಡಲಿಲ್ಲ ಅಂತ."

ಸೌಮ್ಯ ಒಳಗೆ ತಿರುಗಿ ನೋಡಿದಳು. ಶಂಕರಮ್ಮ ನಡುಮನೆಯಲ್ಲಿ ಮಗುವನ್ನು ಆಡಿಸುವ ಸದ್ದು ಬರುತ್ತಿತ್ತು.

"ಏಳಿದ್ರೆ, ಮುಂದಿನ ಸಲ ಜ್ವರ ಬಂದಾಗ ಅವರು ನನ್ನ ಮಾತೂ ಕೇಳಲ್ಲ, ನಿನ್ನ ಮಾತೂ ಕೇಳಲ್ಲ," ಅಂದಳು. "ಈಗ ಕೇಳ್ತಾರೆ. ಬೂದಿಗೆ ಆಲು ಉಯ್ದು ಆಸ್ಪತ್ರೆಗೆ ಓಗ್ಬೋದು ಅಂತಾದ್ರೂ ಈಗ ಗೊತ್ತದೆ."

"ನನ್ನ ಹೆಸರು?"

"ಗೊತ್ತು ಯಶೋದಕ್ಕ." ಖಾಲಿ ಬಕೆಟ್ ತೆಗೆದುಕೊಂಡಳು. "ಗೊತ್ತು. ಆದ್ರೆ ಏಳಲ್ಲ."

ಯಶೋದಳಿಗೆ ಸಿಟ್ಟು ಬಂತು. ಆಡಲು ಒಂದು ಕೆಟ್ಟ ಮಾತು ನಾಲಿಗೆಗೂ ಬಂತು. ಗಾಡಿ ಹತ್ತಿ ಹಾಡು ಹಾಕಿದಳು.

ಆ ಸಂಜೆ ಮನೆಗೆ ಹೋದಾಗ ನಾಗಶ್ರೀ ಮಲಗಿಬಿಟ್ಟಿದ್ದಳು. ಊಟ ಬೇಡ ಅಂದಳಂತೆ. ಯಶೋದ ಹಣೆ ಮುಟ್ಟಿದಳು. ಬಿಸಿ ಅನ್ನಿಸಿತು. ಪಕ್ಕದ ಮನೆಯಿಂದ ಥರ್ಮಾಮೀಟರ್ ತಂದು ಇಟ್ಟಳು. ಜ್ವರ ಇರಲಿಲ್ಲ. ಕೊಡವಿ ಮತ್ತೆ ಇಟ್ಟಳು. ಇರಲಿಲ್ಲ. ಕೊಳ್ಳೇಗಾಲದ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಬಂದಿದ್ದ ಗಂಡ ಶಾಂತರಾಜು, "ಮಗೂನ ಮಲಗೋಕೆ ಬುಡು ಮಾರಾಯ್ತಿ, ಆಡಿ ಆಡಿ ಸುಸ್ತಾಗಿ ಮಲಗವ್ಳೆ," ಅಂದ.

"ಒಂದು ಸಲ ನೋಡ್ತೀನಿ," ಅಂತ ಅವಳು ಮೂರನೇ ಸಲ ಇಟ್ಟಳು.

ಬೆಳಿಗ್ಗೆ ದೊಡ್ಡಬಸಮ್ಮ ಶೆಡ್ಡಿಗೆ ಬಂದಾಗ ಒಲೆ ಅಲ್ಲಿರಲಿಲ್ಲ. ಮೂರು ಕಲ್ಲುಗಳೂ ಹತ್ತು ಮಾರು ಆಚೆ, ಬೇಲಿಯ ಹತ್ತಿರ ಇದ್ದವು. ಹಳೇ ಬೂದಿಯ ಜಾಗದ ಮೇಲೆ ಯಾರೋ ಒಂದು ಕೊಡ ನೀರು ಸುರಿದಿದ್ದರು. ನೆಲ ಇನ್ನೂ ಹಸಿಯಾಗಿತ್ತು.

"ಒಲೆ ಯಾಕೆ ಕಿತ್ತೆ?" ಅಂತ ಕೇಳಿದಳು.

"ಅಲ್ಲಿ ಗಾಳಿ ಜಾಸ್ತಿ," ಯಶೋದ ಗಾಡಿಯ ಟೈರನ್ನು ಕಾಲಿನಿಂದ ಒತ್ತಿ ನೋಡುತ್ತಾ ಹೇಳಿದಳು.

ದೊಡ್ಡಬಸಮ್ಮ ಎರಡೂ ಜಾಗವನ್ನು ನೋಡಿದಳು. ಗಾಳಿ ಎರಡೂ ಕಡೆ ಒಂದೇ ಥರ ಬೀಸುತ್ತಿತ್ತು. ಅವಳು ಹೊಸ ಜಾಗದಲ್ಲಿ ಕೂತು ಟೀಗೆ ಪುಳ್ಳೆ ಒಟ್ಟಿದಳು.